ಬಾಗಿಲು ತಟ್ಟದೆ ಒಳಬರುವ ಚಿತ್ರಗಳು

2024ರ ಸೆಪ್ಟೆಂಬರ್ ಮೊದಲ ವಾರದ ಒಂದು ಸಂಜೆ ನಾವು ಮೂವರು ಗೆಳೆಯರು ಸಿರುಗುಪ್ಪದ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಚಹಾಕ್ಕೆ ಕೂತಿದ್ದೆವು. ಪಕ್ಕದ ಮೇಜಿನಲ್ಲಿ ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗನೊಬ್ಬ ತನ್ನ ಅಣ್ಣನ ಮೊಬೈಲು ಹಿಡಿದು ವಾಟ್ಸಪ್ ಸ್ಟೇಟಸ್‌ಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ಯಾರದೋ ಹುಟ್ಟುಹಬ್ಬದ ಕೇಕು, ಹೊಸ ಟ್ರ್ಯಾಕ್ಟರಿನ ಪೂಜೆ, ಮದುವೆಯ ಮೆರವಣಿಗೆ. ಆಮೇಲೆ ಒಂದು ಚಿತ್ರ ಬಂತು. ಹುಡುಗನ ಬೆರಳು ನಿಂತಿತು. 'ನೋಡಬ್ಯಾಡಲೇ ಅದನ್ನ' ಎಂದು ಅಣ್ಣ ಮೊಬೈಲು ಕಸಿದುಕೊಳ್ಳುವಷ್ಟರಲ್ಲಿ ನೋಡಿಯಾಗಿತ್ತು. ತಟ್ಟೆಯಲ್ಲಿದ್ದ ಮಿರ್ಚಿಯನ್ನು ಅವನು ಮತ್ತೆ ಮುಟ್ಟಲಿಲ್ಲ. ಆ ಚಿತ್ರವನ್ನು ನಾವಿಲ್ಲಿ ಬಣ್ಣಿಸುವುದಿಲ್ಲ. ಕೊಲೆಯಾದ ಯುವಕನೊಬ್ಬ ಸಾಯುವ ಮುನ್ನ ಅಂಗಲಾಚುತ್ತಿದ್ದ ಚಿತ್ರ ಎಂದರೆ ಸಾಕು.

ಆ ಹುಡುಗ ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ. ಅವನ ಅಣ್ಣನೂ ಕೇಳಿ ತರಿಸಿಕೊಂಡಿರಲಿಲ್ಲ. ಅಣ್ಣ ಒಬ್ಬ ಸಿನಿಮಾ ನಟನ ಅಭಿಮಾನಿ. ಅಭಿಮಾನಿಗಳ ಎರಡು ಮೂರು ಗುಂಪುಗಳಲ್ಲಿ ಅವನ ನಂಬರು ಇದೆ. ಆ ಗುಂಪುಗಳಲ್ಲಿ ಯಾರೋ ಹಾಕಿದರು, ಇನ್ಯಾರೋ ಅದನ್ನು ತಮ್ಮ ಸ್ಟೇಟಸ್ಸಿಗೆ ಏರಿಸಿದರು. ಹಾಕಿದವರಲ್ಲಿ ಕೆಲವರಿಗೆ ಸತ್ತವನ ಬಗ್ಗೆ ಕನಿಕರವಿತ್ತು, ಕೆಲವರಿಗೆ ಸಿಟ್ಟಿತ್ತು, ಹಲವರಿಗೆ ಎರಡೂ ಇರಲಿಲ್ಲ, ಎಲ್ಲರಿಗಿಂತ ಮೊದಲು ಹಾಕಿದೆ ಎಂಬ ಹುರುಪು ಮಾತ್ರ ಇತ್ತು. 'ಮುಂದೆ ಬರುವುದು ಹೆಣಕ್ಕೆ ಸಂಬಂಧಿಸಿದ ಚಿತ್ರ, ಮಕ್ಕಳ ಕೈಗೆ ಕೊಡಬೇಡಿ' ಎಂಬ ಒಂದು ಸಾಲನ್ನು ಅವರಲ್ಲಿ ಒಬ್ಬನೂ ಬರೆಯಲಿಲ್ಲ.

ಪ್ರಕರಣ ಓದುಗರಿಗೆ ಗೊತ್ತಿರುವಂಥದ್ದೇ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬ ಬೆಂಗಳೂರಿನಲ್ಲಿ ಕೊಲೆಯಾದ. ನಟ ದರ್ಶನ್ ಮತ್ತು ಇತರರ ಬಂಧನವಾಯಿತು. ಸತ್ತವನೂ ಅದೇ ನಟನ ಅಭಿಮಾನಿಯಾಗಿದ್ದನೆಂದು ವರದಿಗಳು ಹೇಳಿದವು. ಆಗಸ್ಟ್ 29ರಂದು ನಟನನ್ನು ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ನಮ್ಮ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ತಂದರು. ಸೆಪ್ಟೆಂಬರ್ ಮೊದಲ ವಾರ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದ ಬೆನ್ನಿಗೇ ಆ ಚಿತ್ರಗಳು ಹೊರಬಿದ್ದವು. ಅಕ್ಟೋಬರ್ ಕೊನೆಯಲ್ಲಿ ಚಿಕಿತ್ಸೆಗೆಂದು ಮಧ್ಯಂತರ ಜಾಮೀನು, ಡಿಸೆಂಬರ್‌ನಲ್ಲಿ ಹೈಕೋರ್ಟಿನಿಂದ ಜಾಮೀನು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟಿನಿಂದ ಅದರ ರದ್ದು, ಇವೆಲ್ಲ ಆಮೇಲಿನವು. ಯಾರು ತಪ್ಪಿತಸ್ಥರೆಂದು ಹೇಳಬೇಕಾದುದು ನ್ಯಾಯಾಲಯ. ಈ ಲೇಖನದ ವಿಷಯ ಅದಲ್ಲ.

ನಮ್ಮ ವಿಷಯ ಆ ಚಿತ್ರಗಳು. ಈ ಇಡೀ ಪ್ರಕರಣ ಚಿತ್ರಗಳ ಒಂದು ಸರಪಳಿಯಂತಿದೆ. ಪೊಲೀಸರು ಹೇಳುವ ಪ್ರಕಾರ ಇದರ ಆರಂಭವೇ ಹೆಣ್ಣೊಬ್ಬಳ ಮೊಬೈಲಿಗೆ ಅವಳು ಕೇಳದಿದ್ದ ಅಶ್ಲೀಲ ಸಂದೇಶಗಳನ್ನು ಕಳಿಸಿದ್ದರಿಂದ ಆಯಿತು. ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿ ಕೂತ ನಟನ ಚಿತ್ರವೊಂದು ಹೊರಬಂದುದರಿಂದಲೇ ಆತ ಬಳ್ಳಾರಿಗೆ ಬರುವಂತಾಯಿತು. ಅದಕ್ಕೂ ಮುಂಚೆ ಜುಲೈನಲ್ಲಿ, ಮಾತೇ ಬಾರದ ಕೂಸಿಗೆ ಕೈದಿಯ ಬಟ್ಟೆ ತೊಡಿಸಿ ನಟನ ಕೈದಿ ಸಂಖ್ಯೆ 6106 ಬರೆದು ಫೋಟೋ ತೆಗೆದು ಹಂಚಿದ್ದರು. ಮಕ್ಕಳ ಹಕ್ಕುಗಳ ಆಯೋಗ ಅದರ ಮೇಲೆ ದೂರು ದಾಖಲಿಸಿಕೊಳ್ಳಬೇಕಾಯಿತು. ಕೊನೆಗೆ ಈ ಸಾವಿನ ಚಿತ್ರಗಳು. ಚಿತ್ರಕ್ಕೆ ಸಿಕ್ಕಿದವರ ಅನುಮತಿಯನ್ನಾಗಲಿ ಅದನ್ನು ನೋಡಬೇಕಾಗಿ ಬಂದವರ ಅನುಮತಿಯನ್ನಾಗಲಿ ಈ ಸರಪಳಿಯಲ್ಲಿ ಯಾರೂ ಕೇಳಿದಂತಿಲ್ಲ.

ಸತ್ತವನ ಹೆಂಡತಿ ಆಗ ಗರ್ಭಿಣಿ. ಅಕ್ಟೋಬರ್‌ನಲ್ಲಿ ಗಂಡು ಮಗು ಹುಟ್ಟಿತು. ಆ ಮಗು ಒಂದು ದಿನ ಅಕ್ಷರ ಕಲಿತು ತನ್ನ ತಂದೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತದೆ. ಅಷ್ಟು ಹೊತ್ತಿಗೆ ಸಿರುಗುಪ್ಪದ ಹುಡುಗ ಬಹುಶಃ ಎಲ್ಲವನ್ನೂ ಮರೆತಿರುತ್ತಾನೆ. ದೋಷಾರೋಪ ಪಟ್ಟಿಯ ಗೋಪ್ಯ ವಿವರಗಳನ್ನು ಪ್ರಕಟಿಸದಂತೆ ಹೈಕೋರ್ಟ್ ಮಾಧ್ಯಮಗಳಿಗೆ ತಡೆ ನೀಡಿದ್ದು ಹೌದು. ಆದರೆ ಅದನ್ನು ಕೇಳಿ ನ್ಯಾಯಾಲಯಕ್ಕೆ ಹೋದವರು ಆರೋಪಿಯ ಕಡೆಯವರು. ಚಿತ್ರ ಅಷ್ಟರಲ್ಲಿ ಎಲ್ಲ ಕಿಸೆಗಳಿಗೂ ಇಳಿದಾಗಿತ್ತು. ಕಿಸೆಗೆ ಇಳಿದದ್ದನ್ನು ಯಾವ ನ್ಯಾಯಾಲಯ ವಾಪಸು ತೆಗೆಯುತ್ತದೆ?

ಬಳ್ಳಾರಿಯ ಅಭಿಮಾನಿ ಗುಂಪೊಂದನ್ನು ನಡೆಸುವ ಯುವಕನನ್ನು ನಾವು ಈ ಬಗ್ಗೆ ಕೇಳಿದೆವು. ಒಳ್ಳೆಯ ಹುಡುಗ. ರಕ್ತದಾನ ಶಿಬಿರ ಮಾಡಿಸುತ್ತಾನೆ, ನಟನ ಹುಟ್ಟುಹಬ್ಬಕ್ಕೆ ಆಸ್ಪತ್ರೆಯಲ್ಲಿ ಹಣ್ಣು ಹಂಚುತ್ತಾನೆ. ಅವನ ಉತ್ತರ ನೇರವಾಗಿತ್ತು: 'ಇಷ್ಟ ಇದ್ದೋರು ನೋಡ್ತಾರ, ಇಲ್ದೋರು ಬಿಡ್ತಾರ. ನಾವೇನು ಕಣ್ಣಿಗೆ ಹಿಡಿದು ತೋರಿಸ್ತೀವೇನ್ರಿ?'

ಹೌದು, ಕಣ್ಣಿಗೆ ಹಿಡಿದೇ ತೋರಿಸುತ್ತಾರೆ. ಅದೇ ನಮ್ಮ ತಕರಾರು. ಟಾಕೀಸಿಗೆ ಹೋಗುವವನು ಪೋಸ್ಟರು ನೋಡುತ್ತಾನೆ, ಟಿಕೇಟು ಕೊಳ್ಳುತ್ತಾನೆ, ಬಾಗಿಲು ದಾಟುತ್ತಾನೆ. ಬೇಡವೆನ್ನಿಸಿದರೆ ಯಾವ ಹಂತದಲ್ಲಿಯೂ ಹಿಂದಿರುಗಬಹುದು. ಮೊಬೈಲಿನಲ್ಲಿ ಈ ಹಂತಗಳಿಲ್ಲ. ಚಿತ್ರ ತಾನಾಗಿ ಇಳಿದು ತಾನಾಗಿ ತೆರೆದುಕೊಳ್ಳುತ್ತದೆ. ನೋಡಬೇಕೋ ಬೇಡವೋ ಎಂದು ನಿರ್ಧರಿಸುವ ಹೊತ್ತಿಗೆ ನೋಡಿ ಆಗಿರುತ್ತದೆ. ಮೊದಲೇ ಹೇಳದಿದ್ದರೆ ಆಯ್ಕೆ ಎಂಬುದು ಎಲ್ಲಿದೆ?

ಒಂದು ವಿಚಿತ್ರವನ್ನು ಗಮನಿಸಿ. 2012ರ ಅಕ್ಟೋಬರ್‌ನಿಂದ ನಮ್ಮ ಸಿನಿಮಾಗಳಲ್ಲಿ ನಾಯಕ ಬೀಡಿ ಹಚ್ಚಿದರೂ ಪರದೆಯ ಕೆಳಗೆ ಎಚ್ಚರಿಕೆ ಬರಬೇಕು. ಎತ್ತು, ಕುದುರೆ ಕಾಣಿಸಿಕೊಂಡರೆ ಯಾವ ಪ್ರಾಣಿಗೂ ನೋವು ಮಾಡಿಲ್ಲವೆಂದು ಆರಂಭದಲ್ಲೇ ಬರೆಯುತ್ತಾರೆ. 2021ರ ನಿಯಮಗಳ ಪ್ರಕಾರ ಮೊಬೈಲಿಗೆ ಬರುವ ವೆಬ್ ಸರಣಿಗಳೂ ಯಾವ ವಯಸ್ಸಿನವರಿಗೆ, ಅದರಲ್ಲಿ ಹಿಂಸೆಯಿದೆಯೋ ಬೈಗುಳವಿದೆಯೋ ಎಂದು ಮುಂಚೆಯೇ ಹೇಳಬೇಕು. 2023ರಲ್ಲಿ ಸಿನಿಮಾ ಕಾಯ್ದೆಗೆ ತಿದ್ದುಪಡಿ ತಂದು ಯುಎ ಪ್ರಮಾಣಪತ್ರವನ್ನೇ 7, 13, 16 ವರ್ಷಗಳ ಮೂರು ಮೆಟ್ಟಿಲು ಮಾಡಿದರು. ಸಿನಿಮಾದಲ್ಲಿ ಬಣ್ಣದ ನೀರು ಚೆಲ್ಲಿ ಸಾಯುವವನಿಗೆ ಇಷ್ಟು ಎಚ್ಚರ. ಆ ಸಿನಿಮಾವನ್ನು ಪ್ರೀತಿಸುವವರ ಗುಂಪಿನಲ್ಲಿ ನಿಜವಾಗಿ ಸತ್ತವನಿಗೆ ಏನೂ ಇಲ್ಲ!

ಇಂಥ ಎಚ್ಚರ ಕಾಯ್ದೆಯಿಂದ ಮಾತ್ರ ಬರುವುದೆಂದು ನಾವು ಹೇಳುತ್ತಿಲ್ಲ. ಅಭಿಮಾನಿಗಳು ತಾವಾಗಿಯೇ ಮಾಡಿದ ಉದಾಹರಣೆಯಿದೆ. ತಮಗೆ ಪ್ರಿಯವಾದ ಸಿನಿಮಾ, ಕಾದಂಬರಿಗಳ ಪಾತ್ರಗಳನ್ನಿಟ್ಟುಕೊಂಡು ಹೊಸ ಕತೆ ಕಟ್ಟುವ ಅಮೆರಿಕದ ಅಭಿಮಾನಿಗಳು ಒಂದು ಸಾಮೂಹಿಕ ಭಂಡಾರವನ್ನು ಮಾಡಿಕೊಂಡಿದ್ದಾರೆ, ಹೆಸರು 'ಆರ್ಕೈವ್ ಆಫ್ ಅವರ್ ಓನ್'. 2009ರಲ್ಲಿ ಎಲ್ಲರಿಗೂ ತೆರೆದುಕೊಂಡಿತು, 2019ರಲ್ಲಿ ವಿಜ್ಞಾನ ಕಥೆಗಳ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಪಡೆಯಿತು. ಅಲ್ಲಿ ಕತೆ ಹಾಕುವವರು ಭೀಕರ ಹಿಂಸೆ, ಮುಖ್ಯಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಈ ನಾಲ್ಕರಲ್ಲಿ ಯಾವುದಿದ್ದರೂ ಮೊದಲೇ ಗುರುತು ಹಾಕಬೇಕು. ಹೇಳಲು ಇಷ್ಟವಿಲ್ಲದಿದ್ದರೆ 'ನಾನು ಎಚ್ಚರಿಕೆ ಕೊಡುತ್ತಿಲ್ಲ' ಎಂದಾದರೂ ಗುರುತು ಮಾಡಬೇಕು. ಅಲ್ಲಿರುವ ಕತೆಗಳಲ್ಲಿ ಎಷ್ಟೋ ನಮಗೆ ಹಿಡಿಸುವಂಥವಲ್ಲ, ನಮ್ಮ ಮಕ್ಕಳು ಓದಲೆಂದು ನಾವು ಬಯಸುವಂಥವೂ ಅಲ್ಲ. ಆದರೂ ಅಲ್ಲಿಯ ಬಾಗಿಲಿಗೆ ಒಂದು ಫಲಕವಿದೆ.

ನಮ್ಮಲ್ಲಿ ಇದು ತೀರಾ ಹೊಸದೂ ಅಲ್ಲ. ಬಳ್ಳಾರಿಗೆ ನಟರ ಮೇಲಿನ ಪ್ರೀತಿ ಇಂದು ನಿನ್ನೆಯದಲ್ಲ. ವಕೀಲಿಕೆ ಮಾಡುತ್ತಲೇ ರಂಗವನ್ನು ಆಳಿದ ಬಳ್ಳಾರಿ ರಾಘವ ತೀರಿಕೊಂಡದ್ದು 1946ರಲ್ಲಿ. ಊರು ಇಂದಿಗೂ ಅವರ ಹೆಸರಿನ ಕಲಾಮಂದಿರದಲ್ಲಿ ನಾಟಕ ನೋಡುತ್ತದೆ. ಹಳೆಯ ಕಂಪನಿ ನಾಟಕಗಳ ಕರಪತ್ರ ನೋಡಿದವರಿಗೆ ಗೊತ್ತು, ನಾಟಕದ ಹೆಸರಿನ ಕೆಳಗೆ ಅದು ಕರುಣಾಜನಕವೋ ಹಾಸ್ಯಪ್ರಧಾನವೋ ಎಂದು ಬರೆದು, ಹೆಂಗಸರಿಗೆ ಪ್ರತ್ಯೇಕ ಆಸನಗಳಿವೆ ಎಂದೂ ಅಚ್ಚು ಹಾಕಿಸುತ್ತಿದ್ದರು. ಬಯಲಾಟದಲ್ಲಿ ಪಾತ್ರ ಬಂದೊಡನೆ 'ನೀನಾರು, ಎಲ್ಲಿಂದ ಬಂದೆ' ಎಂದು ಸಾರಥಿ ಕೇಳುತ್ತಾನೆ. ರಾಕ್ಷಸನೂ ತನ್ನ ಹೆಸರು ಹೇಳಿಕೊಂಡೇ ಕುಣಿಯಬೇಕು. ಇಂದಿನ ಗುಂಪಿನಲ್ಲಿ ರಾಕ್ಷಸ ನೇರವಾಗಿ ಒಳಮನೆಗೆ ನುಗ್ಗುತ್ತಾನೆ.

ಮನೆಯ ಮಾತು ಬಂದುದರಿಂದ ನಮ್ಮವರಿಗೆ ಒಂದು ಮಾತು ಹೇಳಬೇಕು. ಇನ್ನೊಬ್ಬರ ಮನೆಯನ್ನು ಪ್ರವೇಶಿಸುವ ಮೊದಲು ಅನುಮತಿ ಕೇಳಬೇಕು, ಮನೆಯವರಿಗೆ ಸಲಾಮ್ ಹೇಳಬೇಕು, ಹಿಂದಿರುಗಿರೆಂದರೆ ಬೇಸರವಿಲ್ಲದೆ ಹಿಂದಿರುಗಬೇಕು ಎಂದು ಕುರ್‌ಆನಿನ ಸೂರಃ ಅನ್ನೂರ್ ಕಲಿಸುತ್ತದೆ. ದಿನದ ಮೂರು ಹೊತ್ತು ಮನೆಯ ಮಕ್ಕಳೂ ಕೇಳಿಯೇ ಹಿರಿಯರ ಕೋಣೆಗೆ ಬರಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಇಷ್ಟು ಸೂಕ್ಷ್ಮವಾದ ಪಾಠವನ್ನು ಬಾಲ್ಯದಲ್ಲೇ ಕಲಿತ ನಾವು ಇನ್ನೊಬ್ಬರ ಮೊಬೈಲನ್ನು ಬಾಗಿಲಿಲ್ಲದ ಛತ್ರವೆಂದು ಹೇಗೆ ತಿಳಿದೆವು? ಇಂದು ಮನುಷ್ಯನ ಅತ್ಯಂತ ಒಳಗಿನ ಕೋಣೆ ಅವನ ಮೊಬೈಲು. ಹಾಸಿಗೆಯಲ್ಲಿ, ಊಟದ ಎದುರು, ಮಗುವಿನ ಕೈಯಲ್ಲಿ ಅದು ತೆರೆದುಕೊಂಡಿರುತ್ತದೆ. ಅಲ್ಲಿಗೆ ಹೆಣವನ್ನು ಹೊತ್ತು ತರುವವನು ಹೊಸ್ತಿಲಲ್ಲಿ ಒಂದು ಸಲಾಮ್ ಹೇಳಬೇಡವೇ? 'ಮುಂದೆ ಇಂಥದ್ದಿದೆ' ಎಂಬ ಒಂದು ಸಾಲು ಎಂದರೆ ಆ ಸಲಾಮ್. ಇದರಲ್ಲಿ ಪಾಶ್ಚಾತ್ಯ ಫ್ಯಾಶನ್ ಏನಿದೆ?

'ಸಿನಿಮಾ ನೋಡುವುದೇ ಸಲ್ಲದು, ಅದರ ಅಭಿಮಾನಿಗಳಿಗೆಂಥ ಶಿಷ್ಟಾಚಾರ' ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಜೊತೆ ವಾದಕ್ಕಿಳಿಯುವುದಿಲ್ಲ. ಕೌಲ್ ಬಜಾರಿನ ಗಲ್ಲಿಗಳಲ್ಲಿ ಒಂದು ಸುತ್ತು ಬಂದು ಆಟೋಗಳ ಹಿಂದೆ, ಜೀನ್ಸ್ ಹೊಲಿಯುವ ಮಶೀನುಗಳ ಮೇಲೆ ಯಾರ ಚಿತ್ರಗಳು ಅಂಟಿವೆಯೆಂದು ನೋಡಲಿ. ನಮ್ಮ ಹುಡುಗರು ಅಲ್ಲಿದ್ದಾರೆ. 2024ರ ಆಗಸ್ಟ್‌ನಲ್ಲಿ ಜೈಲಿನ ಎದುರು ಜೈಕಾರ ಹಾಕುತ್ತಿದ್ದವರಲ್ಲಿಯೂ ಇದ್ದರು. (ಇದೇ ಊರಿನ ಅಲ್ಲೀಪುರ ಜೈಲಿನಲ್ಲಿ 1921ರ ನಂತರ ಮಲಬಾರಿನ ಮಾಪಿಳ್ಳೆ ಕೈದಿಗಳನ್ನೂ ಸ್ವಾತಂತ್ರ್ಯ ಹೋರಾಟಗಾರರನ್ನೂ ಕೂಡಿಹಾಕಿದ್ದರು ಎಂದು ಅವರಿಗೆ ಯಾರೂ ಹೇಳಿಲ್ಲ, ಅದು ಬೇರೆ ಕತೆ.)

ಇನ್ನು ಈ ಒಂದು ಸಾಲಿನ ಇನ್ನೊಂದು ಉಪಯೋಗಕ್ಕೆ ಬರೋಣ. ನಮಗೆ ಮುಖ್ಯವೆನಿಸುವುದು ಅದೇ.

ಕುರುಗೋಡಿನಲ್ಲಿ ನಮಗೊಬ್ಬ ಗೆಳೆಯನಿದ್ದಾನೆ. ಹುಟ್ಟಿನಿಂದ ಕಣ್ಣು ಕಾಣದು. ಸಿನಿಮಾದ ಹುಚ್ಚು ವಿಪರೀತ. ಬಳ್ಳಾರಿಗೆ ಬಂದು ಮೊದಲ ದಿನವೇ ಸಿನಿಮಾ ಕೇಳುತ್ತಾನೆ, ಒಂದು ವಾರದಲ್ಲಿ ಸಂಭಾಷಣೆಯೆಲ್ಲ ಬಾಯಿಪಾಠ. ಅವನ ಮೊಬೈಲು ತೆರೆಯ ಮೇಲಿನ ಅಕ್ಷರಗಳನ್ನು ಕನ್ನಡದಲ್ಲಿ ಓದಿ ಹೇಳುತ್ತದೆ. ಅಕ್ಷರವಿದ್ದರೆ ತಾನೇ? ಅಭಿಮಾನಿಗಳ ಗುಂಪು ತೆರೆದರೆ ಅವನಿಗೆ ಕೇಳುವುದು ಇಷ್ಟು: ಚಿತ್ರ, ಚಿತ್ರ, ಚಿತ್ರ, ವಿಡಿಯೋ, ಚಿತ್ರ. ಹೊಸ ಸಿನಿಮಾದ ದಿನಾಂಕವೂ ಪೋಸ್ಟರಿನೊಳಗೆ ಚಿತ್ರವಾಗಿಯೇ ಇರುತ್ತದೆ. ಬರೆಯುವವರು ಬರೆದರೂ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುತ್ತಾರೆ. ಅದನ್ನು ಯಂತ್ರ ಇಂಗ್ಲಿಷೆಂದು ತಿಳಿದು ಓದುವುದನ್ನು ಒಮ್ಮೆ ಕೇಳಬೇಕು, ನಗು ಬರುತ್ತದೆ. ದಿನವೂ ಅದನ್ನೇ ಕೇಳುವವನಿಗೆ ಬರುವುದಿಲ್ಲ. 'ಇದರಾಗ ಏನೈತಿ ಹೇಳ್ರಪ್ಪ' ಎಂದು ಅವನು ಗುಂಪಿನಲ್ಲಿ ಕೇಳಿದರೆ ಯಾರೋ ಕೈಮುಗಿಯುವ ಗುರುತು ಹಾಕುತ್ತಾರೆ. ಅದು ಅವನಿಗೆ 'ಮುಗಿದ ಕೈಗಳು' ಎಂದು ಕೇಳಿಸುತ್ತದೆ.

ಆ ಸೆಪ್ಟೆಂಬರಿನಲ್ಲಿ ಅವನ ಗುಂಪಿನಲ್ಲೂ ಆ ಚಿತ್ರ ಬಂತು. ಅವನಿಗೆ ಅದು ಇನ್ನೊಂದು 'ಚಿತ್ರ'. ಯಾರೋ ಹೊಸ ಪೋಸ್ಟರ್ ಹಾಕಿದರೆಂದು ತಿಳಿದು ಎಲ್ಲರಿಗಿಂತ ಮೊದಲು 'ಸೂಪರ್ ಬಾಸ್' ಎಂದು ಕಳಿಸಿದ. ಗುಂಪಿನಲ್ಲಿ ಕೆಲವರು ನಕ್ಕರು, ಕೆಲವರು ಉಗಿದರು. ಏನಾಯಿತೆಂದು ಅವನಿಗೆ ಗೊತ್ತಾದದ್ದು ಎರಡು ದಿನ ಕಳೆದ ಮೇಲೆ. ಎಷ್ಟೋ ತಿಂಗಳ ನಂತರ ಇದನ್ನು ನಮಗೆ ಹೇಳುವಾಗಲೂ ಅವನ ಧ್ವನಿ ತಗ್ಗಿತ್ತು.

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಮಾಡುವ ಇನ್ನೊಬ್ಬ ಪರಿಚಯದವನಿಗೆ ಕಿವಿ ಕೇಳದು. ಅವನದು ಇದರ ತಿರುಗುಮುರುಗು. ಗುಂಪಿನ ಚರ್ಚೆಯೆಲ್ಲ ನಡೆಯುವುದು ಧ್ವನಿ ಸಂದೇಶಗಳಲ್ಲಿ. ಅದರಿಂದ ಅವನು ಹೊರಗೆ. ಯಾವ ಮಾತಿನ ಹಿನ್ನೆಲೆಯೂ ಇಲ್ಲದೆ ಚಿತ್ರ ಮಾತ್ರ ಅವನಿಗೆ ದಕ್ಕುತ್ತದೆ. ಒಬ್ಬನಿಗೆ ಮಾತಿಲ್ಲದ ಚಿತ್ರ ತಲುಪುವುದಿಲ್ಲ, ಇನ್ನೊಬ್ಬನಿಗೆ ಮಾತಿಲ್ಲದ ಚಿತ್ರವಷ್ಟೇ ತಲುಪುತ್ತದೆ. 'ಎಚ್ಚರ, ಕೊಲೆಯಾದವನ ಕೊನೆಯ ಗಳಿಗೆಯ ಚಿತ್ರ' ಎಂದು ಕನ್ನಡ ಲಿಪಿಯಲ್ಲಿ ಒಂದು ಸಾಲು ಮೊದಲೇ ಇದ್ದಿದ್ದರೆ ಕುರುಗೋಡಿನವನಿಗೆ ಅದು ಕಣ್ಣಾಗುತ್ತಿತ್ತು, ಜೀನ್ಸ್ ಹೊಲಿಯುವವನಿಗೆ ಕಿವಿಯಾಗುತ್ತಿತ್ತು, ಸಿರುಗುಪ್ಪದ ಹುಡುಗನಿಗೆ ರೆಪ್ಪೆಯಾಗುತ್ತಿತ್ತು. ನೋಡಬಾರದವನಿಗೆ ಕೊಡುವ ಎಚ್ಚರಿಕೆಯೂ ನೋಡಲಾಗದವನಿಗೆ ಕೊಡುವ ವಿವರಣೆಯೂ ಒಂದೇ ಸಾಲು. ಎರಡು ಕೆಲಸವೆಂದು ತಿಳಿದು ಎರಡನ್ನೂ ಬಿಟ್ಟಿದ್ದೇವೆ.

ಅಂಗವಿಕಲರು ನಾಲ್ಕಾರು ಮಂದಿ, ಅವರಿಗಾಗಿ ಇಷ್ಟೆಲ್ಲ ಯಾಕೆ ಎನ್ನುವವರಿಗೆ 2011ರ ಜನಗಣತಿಯನ್ನು ನೆನಪಿಸಬೇಕು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ದೃಷ್ಟಿದೋಷದವರೇ ಎರಡೂವರೆ ಲಕ್ಷ ದಾಟಿದ್ದರು, ಶ್ರವಣದೋಷದವರು 2 ಲಕ್ಷಕ್ಕೂ ಮೇಲೆ. ಆದರೆ ಲೆಕ್ಕಕ್ಕಿಂತ ಇನ್ನೊಂದು ಮಾತಿದೆ. ಪ್ರವಾದಿ ಮುಹಮ್ಮದ್(ಸ) ಕುರೈಶ್ ಮುಖಂಡರೊಂದಿಗೆ ಮಾತಿನಲ್ಲಿದ್ದಾಗ ಅಬ್ದುಲ್ಲಾ ಇಬ್ನ್ ಉಮ್ಮು ಮಕ್ತೂಮ್ ಎಂಬ ಅಂಧರು ಬಂದು ನಡುವೆ ಪ್ರಶ್ನೆ ಕೇಳಿದರು. ಪ್ರವಾದಿಯವರ ಮುಖ ಗಂಟಿಕ್ಕಿತು. ಆ ಗಂಟಿಕ್ಕಿದ ಮುಖವನ್ನು ಆ ಅಂಧರು ಕಾಣಲೂ ಇಲ್ಲ. ಆದರೂ ಆಕ್ಷೇಪಣೆಯ ವಚನಗಳು ಅವತೀರ್ಣವಾದವು, ಆ ಸೂರಃ 'ಅಬಸ' ಎಂದೇ ಕರೆಸಿಕೊಳ್ಳುತ್ತದೆ. ಮುಂದೆ ಮದೀನಾದಲ್ಲಿ ಅವರು ಬಾಂಗ್ ಕೊಡುವವರಾದರು. ರಮಝಾನಿನಲ್ಲಿ ಬಿಲಾಲರ ಬಾಂಗ್ ಇರುಳಲ್ಲೇ ಆಗುತ್ತಿತ್ತು. ಉಪವಾಸ ಆರಂಭಿಸಲು ಊರು ಕಾಯುತ್ತಿದ್ದುದು ಈ ಅಂಧರ ಬಾಂಗಿಗೆ. ಬೆಳಕು ಹರಿದದ್ದು ಅವರಿಗೆ ಹೇಗೆ ತಿಳಿಯುತ್ತಿತ್ತು? ಕಂಡವರು ಬಂದು 'ಬೆಳಗಾಯಿತು' ಎಂದು ಹೇಳುತ್ತಿದ್ದರು. ಕಂಡವರು ಕಂಡದ್ದನ್ನು ಮಾತಿನಲ್ಲಿ ಹೇಳಿದರು, ಕಾಣದವರು ಇಡೀ ಊರಿಗೆ ಸಾರಿದರು. ಹದಿನಾಲ್ಕು ಶತಮಾನಗಳ ಹಿಂದೆ ಸಾಧ್ಯವಾದದ್ದು ಇಷ್ಟೊಂದು ಯಂತ್ರಗಳಿರುವ ನಮಗೆ ಸಾಧ್ಯವಿಲ್ಲ!

ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿಯಾದರೂ ಹೊರಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೃಶ್ಯ ಮಾಧ್ಯಮಕ್ಕೆ ಧ್ವನಿ ವಿವರಣೆ, ಸಂಜ್ಞಾಭಾಷೆ, ಅಡಿಬರಹ ಬೇಕೆನ್ನುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ 'ಪಠಾಣ್' ಚಿತ್ರವನ್ನು ಒಟಿಟಿಗೆ ತರುವ ಮುನ್ನ ಧ್ವನಿ ವಿವರಣೆ, ಅಡಿಬರಹಗಳನ್ನು ಸೇರಿಸುವಂತೆ ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಇಲಾಖೆ ಚಿತ್ರಮಂದಿರದ ಸಿನಿಮಾಗಳಿಗೂ ಮಾರ್ಗಸೂಚಿ ತಂದು, ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ 6 ತಿಂಗಳು, ಉಳಿದವಕ್ಕೆ 2 ವರ್ಷ ಗಡುವು ಕೊಟ್ಟಿತು. ಬಳ್ಳಾರಿಯ ಅಭಿಮಾನಿ ಸಂಘಗಳು ಇದಕ್ಕಾಗಿ ಒಂದು ಮನವಿ ಪತ್ರ ಬರೆದದ್ದನ್ನು ನಾವು ಕೇಳಿಲ್ಲ. ಮೊದಲ ಪ್ರದರ್ಶನ ಬೆಳಗಿನ ಜಾವಕ್ಕೇ ಬೇಕೆಂದು ಟಾಕೀಸಿನ ಎದುರು ಗದ್ದಲ ಮಾಡಿದ್ದನ್ನು ಕೇಳಿದ್ದೇವೆ.

ಅವರ ಹೃದಯ ಚಿಕ್ಕದೆಂದಲ್ಲ. ಅಭಿಮಾನಿಗಳನ್ನು ದೇವರೆಂದು ಕರೆದ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಕಣ್ಣು ದಾನ ಮಾಡಿದರು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ರಾಜ್ಯದುದ್ದಕ್ಕೂ ಅಭಿಮಾನಿಗಳು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಅದು ಕನ್ನಡದ ಅಭಿಮಾನಿ ಲೋಕ ಮಾಡಿದ ಅತ್ಯಂತ ದೊಡ್ಡ ಕೆಲಸ. ಸತ್ತ ಮೇಲೆ ಕಣ್ಣನ್ನೇ ಕೊಡಲು ಸಿದ್ಧನಿರುವವನಿಗೆ ಬದುಕಿರುವಾಗ ಒಂದು ಸಾಲು ಟೈಪು ಮಾಡುವುದು ಭಾರವಾಯಿತೇ?

ನಮ್ಮ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳಿವೆ. ಎಚ್ಚರಿಕೆಯ ಮಾತುಗಳಿಂದ ನೋವೇನೂ ಕಡಿಮೆಯಾಗುವುದಿಲ್ಲ, ಓದಿದವರಿಗೆ ಮೊದಲೇ ಒಂದಿಷ್ಟು ಆತಂಕವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರ ಅಧ್ಯಯನಗಳು ಹೇಳುತ್ತವೆ. ನಾವು ಒಪ್ಪುತ್ತೇವೆ. ಆದರೆ ಅದನ್ನು ನಾವು ಔಷಧಿಯೆಂದು ಹೇಳಿಯೇ ಇಲ್ಲ. ಬಾಗಿಲು ತಟ್ಟುವುದರಿಂದ ಮನೆಯವರ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಯಾರೂ ಪರೀಕ್ಷಿಸುವುದಿಲ್ಲ.

ಇನ್ನೊಂದು ಆಕ್ಷೇಪ, ಇದು ಸೆನ್ಸಾರಿನ ಮೊದಲ ಮೆಟ್ಟಿಲು ಎಂಬುದು. ಬೇರೆಯವರಿಗಿಂತ ನಮ್ಮ ಸಮುದಾಯಕ್ಕೆ ಈ ಭಯ ಚೆನ್ನಾಗಿ ಗೊತ್ತು. ನಡುಬೀದಿಯ ಹಲ್ಲೆಗಳು ಚಿತ್ರವಾಗಿ ಹೊರಬರದಿದ್ದರೆ ಎಷ್ಟೋ ಸಲ ದೂರೂ ದಾಖಲಾಗುತ್ತಿರಲಿಲ್ಲ. ಚಿತ್ರವನ್ನು ಅಳಿಸಿ ಎಂದು ನಾವು ಹೇಳುತ್ತಿಲ್ಲ. ಹೆಸರು ಹೇಳಿ ಒಳಗೆ ಬಿಡಿ ಎನ್ನುತ್ತಿದ್ದೇವೆ. ಹೆಸರಿಲ್ಲದ ಚಿತ್ರ ಏನು ಮಾಡುತ್ತದೆಂದು 2018ರಲ್ಲಿ ನೋಡಿದ್ದೇವೆ. ಮಕ್ಕಳನ್ನು ಜೋಪಾನ ಮಾಡಿ ಎಂದು ಕರಾಚಿಯ ಒಂದು ಸಂಸ್ಥೆ ಮಾಡಿಸಿದ ಜಾಗೃತಿ ಚಿತ್ರವೊಂದರ ಕೊನೆಯ ಬರಹವನ್ನು ಯಾರೋ ಕತ್ತರಿಸಿ ಹಾಕಿದರು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಭಾಗ ಮಾತ್ರ ಮಕ್ಕಳ ಕಳ್ಳರ ವಿಡಿಯೋ ಎಂದು ಭಾರತದ ಮೊಬೈಲುಗಳಲ್ಲಿ ಓಡಾಡಿತು. ಅಂಥದೇ ವದಂತಿಗಳ ನಡುವೆ ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ತಪ್ಪಾಗಿ ಹೈದರಾಬಾದಿನ ಯುವಕನೊಬ್ಬ ಜನರ ಕೈಯಲ್ಲಿ ಸತ್ತ. ಕತ್ತರಿಸಿ ಹಾಕಿದ್ದು ಒಂದು ಸಾಲಿನ ಬರಹ ಅಷ್ಟೇ.

ಸಿನಿಮಾ ಅಭಿಮಾನಿಗಳನ್ನು ಇಷ್ಟು ಬೈದ ಮೇಲೆ ನಮ್ಮ ಅಂಗಳವನ್ನೂ ಗುಡಿಸಬೇಕು. 2023ರ ಅಕ್ಟೋಬರ್‌ನಿಂದ ಈಚೆಗೆ ನಮ್ಮ ಮೊಹಲ್ಲಾಗಳ ಗುಂಪುಗಳಲ್ಲಿ ಗಾಝಾದ ಎಷ್ಟು ಮಕ್ಕಳ ಹೆಣಗಳನ್ನು ನಾವು ಹಂಚಿದ್ದೇವೆ? ಫಜ್ರ್ ನಮಾಝಿನ ಸಮಯದ ಪಟ್ಟಿಯ ಕೆಳಗೆ, ಮದ್ರಸದ ರಜೆಯ ಪ್ರಕಟಣೆಯ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ! ನಮ್ಮ ಮನೆಯೊಂದರಲ್ಲೇ ಏಳು ವರ್ಷದ ಹುಡುಗಿ ಅಂಥದೊಂದನ್ನು ಕಂಡು ಎಷ್ಟೋ ರಾತ್ರಿ ದೀಪ ಆರಿಸಲು ಬಿಡಲಿಲ್ಲ. 'ಜಗತ್ತಿಗೆ ತಿಳಿಯಲಿ' ಎಂಬುದು ನಮ್ಮ ಸಮರ್ಥನೆ. ಜಗತ್ತು ನಮ್ಮ ಮೊಹಲ್ಲಾದ ಗುಂಪಿನಲ್ಲಿಲ್ಲ. ಅಲ್ಲಿರುವುದು ನಮ್ಮ ತಾಯಂದಿರು ಮತ್ತು ಅವರ ಮೊಬೈಲಿನಲ್ಲಿ ಆಡುವ ಮಕ್ಕಳು. ಹೀಗೆ ಕಂಡದ್ದನ್ನೇ ಕಂಡು ಕಣ್ಣು ಒಗ್ಗಿಹೋದ ಮೇಲೆ ಹತ್ತನೆಯ ಹೆಣವನ್ನು ಯಾರೂ ನಿಂತು ನೋಡುವುದೂ ಇಲ್ಲ. ಇದು ಶಹೀದರಿಗೆ ಕೊಡುವ ಗೌರವವೇ?

ಭೀಕರವಾದದ್ದನ್ನು ಮನಸ್ಸಿಗೆ ತಟ್ಟುವಂತೆ ಹೇಳಲು ರಕ್ತ ತೋರಿಸಲೇಬೇಕೆಂದಿಲ್ಲ ಎಂಬುದನ್ನು ನಮ್ಮ ಸೀಮೆಯ ಹಳ್ಳಿಗಳೇ ಕಲಿಸಿವೆ. ಮೊಹರಂ ಆಚರಣೆಯ ಬಗ್ಗೆ ನಮ್ಮವರಲ್ಲೇ ಭಿನ್ನಾಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ಆದರೆ ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿಯೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ರಿವಾಯತ್ ಪದ ಹಾಡುವುದನ್ನು ಕಂಡವರಿಗೆ ಇದು ಗೊತ್ತು. ಹಿಜರಿ 61ರ ಕರ್ಬಲಾದ ಕಗ್ಗೊಲೆಯನ್ನು, ನೀರಿಲ್ಲದೆ ಸತ್ತ ಮಕ್ಕಳನ್ನು ಕನ್ನಡದಲ್ಲಿ ಹಾಡಿ ಇಡೀ ಊರನ್ನು ಅಳಿಸುತ್ತಾರೆ. ಎದುರಿಗಿರುವುದು ಒಂದು ಪಂಜಾ ಮಾತ್ರ. ಹೆಣದ ಚಿತ್ರ ಎಲ್ಲೂ ಇಲ್ಲ. ಯಾವ ಇರುಳು ಯಾವ ಕತೆಯೆಂದು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ತಡೆಯಲಾರದವರು ಎದ್ದು ಮನೆಗೆ ಹೋಗುತ್ತಾರೆ, ಯಾರೂ ಹೇಡಿಯೆನ್ನುವುದಿಲ್ಲ. ಕುರುಡರು ಕೂತು ಕೇಳುತ್ತಾರೆ, ಒಂದಕ್ಷರವೂ ತಪ್ಪುವುದಿಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಗುಂಪು ನಡೆಸುವವರು ಒಂದು ಕಟ್ಟಳೆ ಮಾಡಲಿ. ಹಿಂಸೆ, ಹೆಣ, ಬೆತ್ತಲೆ ಇರುವ ಯಾವುದೇ ಚಿತ್ರಕ್ಕೆ ಮುನ್ನ ಪ್ರತ್ಯೇಕವಾಗಿ ಒಂದು ಸಾಲು ಬರಲಿ. ಚಿತ್ರದ ಕೆಳಗೆ ಬರೆದರೆ ಪ್ರಯೋಜನವಿಲ್ಲ, ಕಣ್ಣು ಮೊದಲು ಹೋಗುವುದು ಚಿತ್ರಕ್ಕೆ. ಬೆರಳು ಒತ್ತಿದರೆ ಮಾತ್ರ ತೆರೆದುಕೊಳ್ಳುವಂತೆ ಕಳಿಸುವ ಸೌಲಭ್ಯ ವಾಟ್ಸಪ್, ಟೆಲಿಗ್ರಾಂ ಎರಡರಲ್ಲೂ ಇದೆ. ಪೋಸ್ಟರಿಗೂ ಒಂದು ಸಾಲು, ಧ್ವನಿ ಸಂದೇಶಕ್ಕೂ ಅದರ ಸಾರದ ಒಂದು ಸಾಲು. ಅದು ಕನ್ನಡ ಲಿಪಿಯಲ್ಲಿರಲಿ. ಆಂಧ್ರದ ಗಡಿಗೆ ಅಂಟಿದ ಸಿರುಗುಪ್ಪದಂಥ ಕಡೆ ತೆಲುಗಿನಲ್ಲಿದ್ದರೂ ನಮಗೆ ತಕರಾರಿಲ್ಲ. ಹೆಂಗಸರ ಖಾತೆಗಳಿಗೆ ಹೊಲಸು ಕಳಿಸುವವನನ್ನು ಅದೇ ದಿನ ಗುಂಪಿನಿಂದ ಹೊರಹಾಕಲಿ. ನಟಿ ರಮ್ಯಾ 2025ರ ಜುಲೈನಲ್ಲಿ ಪೊಲೀಸರಿಗೆ ದೂರು ಕೊಡಬೇಕಾಗಿ ಬಂದ ಮೇಲೂ, ಬಂಧನಗಳಾದ ಮೇಲೂ, ನಮ್ಮ ಗುಂಪಿನ ಹುಡುಗರಲ್ಲವೆಂದು ಕೈತೊಳೆಯುವವರಿದ್ದಾರೆ. ಕನ್ನಡ ಪತ್ರಿಕೆ ನಡೆಸುವ ನಾವೂ ಹಳೆಯ ಅಕ್ಷರವಿನ್ಯಾಸದಲ್ಲಿ ಪುಟ ಕಟ್ಟಿ, ಕುರುಡರ ಯಂತ್ರ ಓದಲಾರದ ಪಿಡಿಎಫ್ ಹಂಚುವುದನ್ನು ನಿಲ್ಲಿಸಬೇಕು. ಈ ಲೇಖನವನ್ನು ಕುರುಗೋಡಿನ ಗೆಳೆಯನಿಗೆ ನಾವು ಯುನಿಕೋಡಿನಲ್ಲಿ ಬೇರೆಯಾಗಿಯೇ ಕಳಿಸಬೇಕು.

ಅವನ ಗುಂಪನ್ನು ನಡೆಸುವ ಹುಡುಗನ ಬಳಿ ಹೋಗಿ ನಾವು ಇದನ್ನೆಲ್ಲ ಹೇಳಿದೆವು. ಮೊದಲು 'ನೋಡೋಣ್ರಿ' ಎಂದ. ಆಮೇಲೆ ಆ 'ಸೂಪರ್ ಬಾಸ್' ಕತೆ ಹೇಳಿದಾಗ ಸುಮ್ಮನಾದ. ಹದಿನೈದು ದಿನ ಬಿಟ್ಟು ಗೆಳೆಯ ಫೋನು ಮಾಡಿದ. ಗುಂಪಿಗೆ ಹೊಸ ಸಿನಿಮಾದ ಪೋಸ್ಟರ್ ಬಂದಿತ್ತಂತೆ, ಮೇಲೆ ಒಂದು ಸಾಲು: 'ಪೋಸ್ಟರ್. ಹೀರೋ ನಿಂತಾನ. ಕೈಯಾಗ ಮಚ್ಚು ಐತಿ, ಮುಖದ ಮ್ಯಾಲೆ ರಕ್ತ ಐತಿ.' ಯಂತ್ರ ಅದನ್ನು ಮಚ್ಚಿನವರೆಗೂ ಸರಿಯಾಗಿಯೇ ಓದಿತಂತೆ. ಗೆಳೆಯ ನಗುತ್ತ ಗುಂಪಿಗೆ ಮರುಟಪ್ಪಾಲು ಬರೆದಿದ್ದ: 'ಮಚ್ಚು ಇಲ್ಲದ ಪೋಸ್ಟರ್ ಬಂದಾಗ ತಪ್ಪದ ತಿಳಿಸ್ರಪ್ಪ.'